ಮನೆಯ ದೀಪದ ಸರ್ಕ್ಯೂಟ್‌ಗೆ ಸಾಕೆಟ್ ಜೋಡಣೆ: ಸುರಕ್ಷತಾ ಮಾಹಿತಿ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ರಾವೂರ ಹಾಗೂ ಸುತ್ತಲಿನ ವಾಡಿ, ಶಹಾಬಾದ್ ಭಾಗಗಳಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ದಿನಗಳಲ್ಲಿ ಕೂಲರ್ ಬಳಸಲು ದೀಪದ ಸ್ವಿಚ್ ಬೋರ್ಡಿನಿಂದಲೇ ಹೊಸ ಸಾಕೆಟ್ ತೆಗೆದುಕೊಳ್ಳುವುದು ವಾಡಿಕೆ. ಇದು ನಿಷಿದ್ಧವಲ್ಲ, ಆದರೆ ದೀಪದ ತಂತಿಯ ಸಾಮರ್ಥ್ಯಕ್ಕೆ ಮಿತಿಯುಂಟು.

ಮಿತಿ

ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ದೀಪ ಮತ್ತು ಫ್ಯಾನುಗಳ ಒಂದು ಸರ್ಕ್ಯೂಟ್‌ನಲ್ಲಿ 6 ಆಂಪಿಯರ್ ಸಾಕೆಟ್‌ಗಳೂ ಸೇರಿ 10 ಪಾಯಿಂಟ್‌ಗಳನ್ನು ಹಾಗೂ ಒಟ್ಟು 800 ವ್ಯಾಟ್ ಹೊರೆಯನ್ನು ಮೀರಕೂಡದು.

ಉದಾಹರಣೆಗೆ, 9 ವ್ಯಾಟ್‌ನ 5 ಎಲ್.ಇ.ಡಿ. ದೀಪಗಳು ಮತ್ತು 75 ವ್ಯಾಟ್‌ನ 3 ಫ್ಯಾನುಗಳಿದ್ದಲ್ಲಿ ಹೊರೆಯು 270 ವ್ಯಾಟ್, ಪಾಯಿಂಟ್‌ಗಳು 8. ಉಳಿಯುವುದು 2 ಪಾಯಿಂಟ್ ಮತ್ತು 530 ವ್ಯಾಟ್. 200 ವ್ಯಾಟ್‌ನ ಕೂಲರ್, ದೂರದರ್ಶನ, ಮೊಬೈಲ್ ಚಾರ್ಜರ್‌ಗಳಿಗೆ ಇಷ್ಟು ಸಾಕು. 750 ವ್ಯಾಟ್‌ನ ಮಿಕ್ಸರ್‌ಗಾಗಲಿ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಗಾಗಲಿ ಸಾಲದು.

1500 ವ್ಯಾಟ್‌ನ ನೀರು ಕಾಯಿಸುವ ರಾಡ್ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುವುದರಿಂದ 6 ಆಂಪಿಯರ್ ಸಾಕೆಟ್ಟೇ ಅದಕ್ಕೆ ತಕ್ಕುದಲ್ಲ. ರಾಡ್, ಗೀಸರ್ ಮತ್ತು ನೀರಿನ ಮೋಟರ್‌ಗಳಿಗೆ ಮುಖ್ಯ ಬೋರ್ಡಿನಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂ.ಸಿ.ಬಿ. ಹಾಗೂ 16 ಆಂಪಿಯರ್ ಸಾಕೆಟ್ ಅಳವಡಿಸತಕ್ಕದ್ದು.

ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

1. ಹಳೆಯ ಮನೆಗಳ ದೀಪದ ವೈರಿಂಗ್‌ನಲ್ಲಿ ಅನೇಕ ವೇಳೆ ಅರ್ಥಿಂಗ್ ತಂತಿ ಇರುವುದಿಲ್ಲ. ಅಂತಹ ಕಡೆ ಅದನ್ನು ಮುಖ್ಯ ಬೋರ್ಡಿನಿಂದ ಎಳೆದ ನಂತರವೇ ಮೂರು ಪಿನ್ನಿನ ಸಾಕೆಟ್ ಕೂಡಿಸಬೇಕು. ಕೂಲರ್‌ನಲ್ಲಿ ಲೋಹದ ಮೈಯೂ ನೀರೂ ಒಟ್ಟಿಗಿರುವುದರಿಂದ ಅರ್ಥಿಂಗ್ ಇಲ್ಲದ ಸಾಕೆಟ್ ಪ್ರಾಣಾಪಾಯ ತರಬಲ್ಲದು.

2. ಸ್ವಿಚ್ ಫೇಸ್ ತಂತಿಯ ಮೇಲಿರಬೇಕು. ನ್ಯೂಟ್ರಲ್ ಮೇಲಿದ್ದರೆ ಸ್ವಿಚ್ ಆರಿಸಿದ ಮೇಲೂ ಸಾಕೆಟ್ಟಿನಲ್ಲಿ ವಿದ್ಯುತ್ ಉಳಿಯುತ್ತದೆ.

3. ಹಳೆಯ ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಬರಿಗೈಯಲ್ಲಿ ಹೊಸೆದು ಕೂಡಿಸಬಾರದು. ಅಂತಹ ಜೋಡಣೆ ಕ್ರಮೇಣ ಸಡಿಲಗೊಂಡು ಕಾಯುತ್ತದೆ.

4. ಫ್ಯೂಸ್ ಪದೇ ಪದೇ ಹೋದಲ್ಲಿ ದಪ್ಪ ತಂತಿ ಕಟ್ಟುವುದಾಗಲಿ, ಹೆಚ್ಚಿನ ಆಂಪಿಯರ್‌ನ ಎಂ.ಸಿ.ಬಿ. ಹಾಕುವುದಾಗಲಿ ಕೂಡದು. ಇವು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಇವುಗಳನ್ನು ಬದಲಿಸಿದರೆ ಮೊದಲು ಸುಡುವುದು ಆ ತಂತಿಯೇ.

5. 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಸೋರಿಕೆಯಾದ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುತ್ತದೆ. ಅದು ಅರ್ಥಿಂಗ್‌ಗೆ ಪೂರಕವೇ ಹೊರತು ಬದಲಿಯಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ್ಗೆ ನೀರು ಹಾಕಿ ಮಣ್ಣಿನ ತೇವ ಕಾಪಾಡಬೇಕು.

ಕೆಲಸ ಯಾರಿಂದ

ವೈರಿಂಗ್ ಕೆಲಸವನ್ನು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕೆಲಸಕ್ಕೆ ಮುನ್ನ ಮೇನ್ ಸ್ವಿಚ್ ತೆಗೆದು, ವಿದ್ಯುತ್ ಇಲ್ಲದಿರುವುದನ್ನು ಪರೀಕ್ಷಿಸಬೇಕು. ಮನೆಯ ಒಟ್ಟು ಹೊರೆಯು ಮಂಜೂರಾದ ಪ್ರಮಾಣವನ್ನು ಮೀರುವಂತಿದ್ದಲ್ಲಿ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಜೆಸ್ಕಾಂಗೆ, ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸಬೇಕು. ವಿದ್ಯುತ್ ಸಂಬಂಧಿತ ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದು.