ಕೀಲಿಮಣೆ ಕೊಡದ ಹರಟೆಕಟ್ಟೆ

1990ರ ದಶಕದ ನಡುವೆ ಡಿಸ್ನಿ ಕಂಪನಿ ಮಕ್ಕಳಿಗಾಗಿ ಆನ್‌ಲೈನ್ ಲೋಕವೊಂದನ್ನು ಕಟ್ಟಲು ಹೊರಟಿತು. ಮಕ್ಕಳು ಅಲ್ಲಿ ಪರಸ್ಪರ ಮಾತಾಡಬೇಕು, ಆದರೆ ಯಾರ ಕಿವಿಗೂ ಕೆಟ್ಟ ಮಾತು ಬೀಳಬಾರದು. ವಿನ್ಯಾಸಕಾರರಿಗೆ ತೋಚಿದ ದಾರಿಯೆಂದರೆ ಕೀಲಿಮಣೆಯನ್ನೇ ಕೊಡದಿರುವುದು. ಪರದೆಯ ಮೇಲಿನ ಸಭ್ಯ ಪದಗಳನ್ನು ಒಂದೊಂದಾಗಿ ಆರಿಸಿ ವಾಕ್ಯ ಜೋಡಿಸಬೇಕಿತ್ತು. ಪರೀಕ್ಷೆಗೆ ಕೂರಿಸಿದ 14 ವರ್ಷದ ಹುಡುಗನೊಬ್ಬ ಕೆಲವೇ ನಿಮಿಷಗಳಲ್ಲಿ ಮುದ್ದು ಪ್ರಾಣಿಗಳ ಹೆಸರುಗಳನ್ನೇ ಪೋಣಿಸಿ, ದೊಡ್ಡವರು ತಲೆತಗ್ಗಿಸುವಂಥ ವಾಕ್ಯ ಹೆಣೆದುಬಿಟ್ಟ. ಪಟ್ಟಿಯಲ್ಲಿ ಕೆಟ್ಟ ಪದ ಒಂದೂ ಇರಲಿಲ್ಲ!

ಈ ಕಥೆಯನ್ನು ದಾಖಲಿಸಿದ ರಾಂಡಿ ಫಾರ್ಮರ್ ಈ ಕ್ಷೇತ್ರಕ್ಕೆ ಹೊಸಬರಲ್ಲ. 1986ರಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್ ಜೊತೆ ಲೂಕಾಸ್‌ಫಿಲ್ಮ್‌ಗಾಗಿ 'ಹ್ಯಾಬಿಟಾಟ್' ರೂಪಿಸಿದವರು. ಕಾಮಿಕ್ಸ್ ಪುಟದಲ್ಲಿರುವಂತೆ ಬೊಂಬೆಗಳ ನೆತ್ತಿಯ ಮೇಲೆ ಮಾತು ಮೂಡುವ ಲೋಕ ಅದು.

2003ರಲ್ಲಿ ಬಂದ ಡಿಸ್ನಿಯ 'ಟೂನ್‌ಟೌನ್' ಪದಗಳ ಆಯ್ಕೆಯನ್ನೂ ಕಿತ್ತುಕೊಂಡು, ಇಡೀ ವಾಕ್ಯಗಳನ್ನೇ ಸಿದ್ಧಮಾಡಿ ಮುಂದಿಟ್ಟಿತು. ಅದರ ಹೆಸರು 'ಸ್ಪೀಡ್‌ಚಾಟ್'. ಮನಬಂದಂತೆ ಟೈಪ್ ಮಾಡಿ ಮಾತಾಡಬೇಕಾದರೆ ಇಬ್ಬರೂ ಒಂದು ಗುಪ್ತ ಸಂಕೇತವನ್ನು ಆಟದ ಹೊರಗೆ, ಅಂದರೆ ಶಾಲೆಯಲ್ಲೋ ಫೋನಿನಲ್ಲೋ, ಹಂಚಿಕೊಂಡಿರಬೇಕು. ಪರಿಚಯವಿದ್ದವರಿಗೆ ಮಾತ್ರ ಬಾಗಿಲು ತೆರೆಯುವ ಈ ಉಪಾಯ ನಿಜಕ್ಕೂ ಜಾಣತನದ್ದು. ಆದರೆ ಮಕ್ಕಳು ಸುಮ್ಮನೆ ಕೂರಲಿಲ್ಲ. ಆಟದೊಳಗಿನ ತಮ್ಮ ಮನೆಗೆ ಹೊಸ ಗೆಳೆಯರನ್ನು ಕರೆದು, ಅಲ್ಲಿನ ಸಾಮಾನುಗಳನ್ನು ಅಕ್ಷರಗಳ ಆಕಾರದಲ್ಲಿ ಜೋಡಿಸಿ ಸಂಕೇತ ದಾಟಿಸಿದರು. ಪೋಲಿತನಕ್ಕಲ್ಲ, ಗೆಳೆತನದ ಹಸಿವಿಗೆ ಹುಟ್ಟಿದ ಲಿಪಿ ಅದು.

ದೊಡ್ಡವರ ಭಯಕ್ಕೆ ಆಧಾರವಿತ್ತು. 13 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂಬ ಅಮೆರಿಕದ ಕಾನೂನು 1998ರಲ್ಲಿ ರೂಪುಗೊಂಡು 2000ದ ಏಪ್ರಿಲ್‌ನಲ್ಲಿ ಜಾರಿಯಾಯಿತು. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆ ಆ ಗೆರೆಯನ್ನು 18ಕ್ಕೆ ಎಳೆದಿದೆ.

2005ರ ಅಕ್ಟೋಬರ್‌ನಲ್ಲಿ ಕೆನಡಾದ ಕೆಲೋನಾ ಪಟ್ಟಣದ ಪುಟ್ಟ ಕಂಪನಿಯೊಂದು 'ಕ್ಲಬ್ ಪೆಂಗ್ವಿನ್' ಎಂಬ ಹಿಮದ್ವೀಪವನ್ನು ತೆರೆಯಿತು. ಸಿದ್ಧ ವಾಕ್ಯಗಳು ಸಾಕೋ, ಜರಡಿ ಹಿಡಿದ ಟೈಪಿಂಗ್ ಬೇಕೋ ಎಂಬ ತೀರ್ಮಾನವನ್ನು ಅದು ಪೋಷಕರ ಕೈಗೆ ಕೊಟ್ಟಿತು. ಎರಡೇ ವರ್ಷಕ್ಕೆ ಡಿಸ್ನಿ ಅದನ್ನು 35 ಕೋಟಿ ಡಾಲರ್ ತೆತ್ತು ಕೊಂಡಿತು; 2017ರ ಮಾರ್ಚ್‌ನಲ್ಲಿ ಮುಚ್ಚಿತು.

ಇಷ್ಟೆಲ್ಲದರ ನಡುವೆ ಮಕ್ಕಳ ಪಕ್ಕದಲ್ಲಿ ಕೂತು ನೋಡಿದವರೂ ಇದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಲಿಸನ್ ಡ್ರೂಯಿನ್ ಮಕ್ಕಳನ್ನು ಪರೀಕ್ಷೆಯ ವಸ್ತುವಾಗಿಸದೆ ವಿನ್ಯಾಸದ ಪಾಲುದಾರರನ್ನಾಗಿ ಮಾಡಿಕೊಂಡರು. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಅವರ ಸಂಸ್ಥೆ ಅಮೆರಿಕ ಮತ್ತು ಇಸ್ರೇಲಿನ 55 ಮಕ್ಕಳು ವೆಬ್‌ಸೈಟ್ ಬಳಸುವುದನ್ನು ಗಮನಿಸಿ 2002ರಲ್ಲಿ ವರದಿ ಕೊಟ್ಟಿತು. ಎಲ್ಲಿ ಒತ್ತಿದರೆ ಏನಾಗುತ್ತದೆಂದು ಪರದೆ ತುಂಬ ಮೌಸ್ ಓಡಿಸಿ ಹುಡುಕುತ್ತಿದ್ದ ಮಕ್ಕಳು, ಜಾಹೀರಾತನ್ನೂ ಆಟವೆಂದೇ ಒತ್ತುತ್ತಿದ್ದರು. ಕಷ್ಟವೆನಿಸಿದರೆ ಪುಟವನ್ನೇ ಬಿಟ್ಟು ಹೋಗುತ್ತಿದ್ದರು. 'ಈಗಿನ ಮಕ್ಕಳಿಗೆ ಕಂಪ್ಯೂಟರ್ ಹುಟ್ಟಿನಿಂದಲೇ ಗೊತ್ತು' ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು.

ಮಕ್ಕಳು ಪರದೆಯನ್ನು ತಮ್ಮದೇ ಮಾತಿನಲ್ಲಿ ಓದಿಕೊಳ್ಳುವುದಕ್ಕೆ ನಮ್ಮಲ್ಲೂ ನಿದರ್ಶನವಿದೆ. ದೆಹಲಿಯ ಕಾಲ್ಕಾಜಿಯಲ್ಲಿ 1999ರ ಜನವರಿಯಲ್ಲಿ ಸಂಶೋಧಕ ಸುಗತ ಮಿತ್ರ ಗೋಡೆಯೊಳಗೆ ಕಂಪ್ಯೂಟರ್ ಇರಿಸಿದಾಗ ಕೊಳೆಗೇರಿಯ ಮಕ್ಕಳು ಕರ್ಸರ್‌ಗೆ 'ಸೂಯಿ', ಅಂದರೆ ಸೂಜಿ, ಎಂದರು. ಕಾಯಿಸುವ ಮರಳುಗಡಿಯಾರದ ಚಿತ್ರ ಅವರ ಕಣ್ಣಿಗೆ ಡಮರುವಾಗಿತ್ತು. ಆ ಹೆಸರುಗಳನ್ನು ಯಾವ ವಿನ್ಯಾಸಕಾರನೂ ಕೊಟ್ಟಿರಲಿಲ್ಲ.

ಮಕ್ಕಳ ಹರಟೆಗೆ ಪದಪಟ್ಟಿ, ಸಿದ್ಧ ವಾಕ್ಯ ಕಟ್ಟುವ ಕೆಲಸಕ್ಕೆ ಕನ್ನಡದಲ್ಲಿ ತೊಡಕು ಬೇರೆಯೇ. ಮರದ, ಮರಕ್ಕೆ, ಮರದಿಂದ, ಮರಗಳಿಗೂ ಎಂದು ಒಂದೇ ಪದ ಹತ್ತಾರು ಕೊಂಬೆ ಒಡೆಯುವ ಭಾಷೆಗೆ ಇಂಗ್ಲಿಷ್ ಮಾದರಿಯ ಪದಪಟ್ಟಿ ಒಗ್ಗುವುದಿಲ್ಲ. ಆಟಕ್ಕೆ ಕರೆಯುವ ಸಿದ್ಧ ವಾಕ್ಯದಲ್ಲಿ 'ಬಾರೋ', 'ಬಾರೇ', 'ಬನ್ನಿ' ಇವುಗಳಲ್ಲಿ ಯಾವುದಿರಬೇಕು? ಸಾಲದ್ದಕ್ಕೆ, ರೋಮನ್ ಅಕ್ಷರದಲ್ಲಿ ಬರೆಯುವ ಕನ್ನಡಕ್ಕೆ ಪ್ರತಿ ಮಗುವಿನದೂ ತನ್ನದೇ ಕಾಗುಣಿತ.

ನಮ್ಮ ಮಕ್ಕಳಿಗಾಗಿ ಮಾತಿನ ಪರದೆ ರೂಪಿಸುವವರು ಇಂಗ್ಲಿಷ್ ಪಟ್ಟಿಯನ್ನು ಅನುವಾದಕ್ಕೆ ಕಳಿಸುವ ಮೊದಲು ಒಂದು ಸಂಜೆ ಯಾವುದಾದರೂ ಶಾಲೆಯ ಆಟದ ಬಯಲಿನ ಅಂಚಿನಲ್ಲಿ ನಿಲ್ಲಲಿ. ಅಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕರೆಯುವ ಬಗೆಯನ್ನು ಕೇಳಿ ಬರೆದುಕೊಳ್ಳಲಿ. ಪಟ್ಟಿ ಅಲ್ಲಿಂದ ಶುರುವಾಗಲಿ.