‘ನಂಗೆ ಅದಕ್ಕೆ ತಲೆ ಇಲ್ಲ’: ಹೆಗ್ಗೋಡಿನ ಅಂಗಳ, ಕಾಗೋಡಿನ ಕೊಳಗ ಮತ್ತು ಒಂದು ಫೇಲ್ ಆದ ಪೇಪರ್

ಇವತ್ತಿನ ಎಪಿಸೋಡು ನಮ್ಮ ಮನೆ ಜಗಲಿಯಿಂದ ಶುರು.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ನಿಟ್ಟೂರು, ಹೊಸನಗರ ತಾಲ್ಲೂಕು. ಕೊಡಚಾದ್ರಿಗೆ ಜೀಪು ಹತ್ತೋಕೆ ಬಂದವರಿಗೆ ಗೊತ್ತಿರುತ್ತೆ. ಚಿಕ್ಕಪ್ಪನ ಮಗಳು ಜಗಲಿ ಮೇಲೆ ಮೊಬೈಲ್ ಕವುಚಿ ಇಟ್ಟು ಕೂತಿದ್ದಳು. ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಿತ್ತು. ಅಕೌಂಟೆನ್ಸಿ ಹೋಗಿತ್ತು. ಪರೀಕ್ಷೆ-2ಕ್ಕೆ ಫಾರ್ಮ್ ತುಂಬೋಕೆ ಇನ್ನು ಎರಡೇ ದಿನ ಇತ್ತು. ಅವಳು ತುಂಬೋದಿಲ್ಲ ಅಂತ ಕೂತಿದ್ದಳು.

‘ಬಿಡು ಅಣ್ಣಯ್ಯ. ನಂಗೆ ಅದಕ್ಕೆ ತಲೆ ಇಲ್ಲ’ ಅಂದಳು.

ನಾನು ಬಿಕಾಂ ಮಾಡಿದವನು. ಸುಮ್ನೆ ಇರಬೇಕಲ್ಲ! ಗ್ರೋತ್ ಮೈಂಡ್‌ಸೆಟ್ ಅಂತ ಒಂದಿದೆ, ಬುದ್ಧಿ ಅನ್ನೋದು ಬೆಳೆಯುತ್ತೆ, ನೀನು ಪಾಸಿಟಿವ್ ಆಗಿ ಯೋಚನೆ ಮಾಡು ಅಂತ ಹತ್ತು ನಿಮಿಷ ಭಾಷಣ ಬಿಟ್ಟೆ. ಅವಳು ಪೂರ್ತಿ ಕೇಳಿ ಒಂದೇ ಮಾತು ಹೇಳಿದಳು: ‘ರೀಲ್ಸಲ್ಲೂ ಇದನ್ನೇ ಹೇಳ್ತಾರೆ. ಕೊನೆಗೆ ಪಾಠ ಹೇಳಿಕೊಡೋರು ಯಾರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಅದಕ್ಕೆ ಉತ್ತರ ಹುಡುಕ್ತಾ ಹೋದಾಗ ಅದು ನಮ್ಮ ಪಕ್ಕದ ತಾಲ್ಲೂಕಿನ ಚರಿತ್ರೆಯಲ್ಲೇ ಸಿಕ್ಕಿತು. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಆ ಪದ ಎಲ್ಲಿಂದ ಬಂತು ನೋಡೋಣ. ಕ್ಯಾರಲ್ ಡ್ವೆಕ್ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. 2006ರಲ್ಲಿ ‘ಮೈಂಡ್‌ಸೆಟ್’ ಅನ್ನೋ ಪುಸ್ತಕ ಬರೆದರು. ಅವರು ಹೇಳೋದು ಇಷ್ಟು. ಸಾಮರ್ಥ್ಯ ಹುಟ್ಟಿನಿಂದಲೇ ಬರುತ್ತೆ, ಇದ್ದಷ್ಟೇ ಅಂತ ಕೆಲವರು ನಂಬ್ತಾರೆ. ಅದು ಫಿಕ್ಸೆಡ್ ಮೈಂಡ್‌ಸೆಟ್. ಕಲಿತರೆ, ತಿದ್ದಿಕೊಂಡರೆ, ಬೇರೆಯವರ ನೆರವು ಪಡೆದರೆ ಅದು ಬೆಳೆಯುತ್ತೆ ಅಂತ ಕೆಲವರು ನಂಬ್ತಾರೆ. ಅದು ಗ್ರೋತ್ ಮೈಂಡ್‌ಸೆಟ್.

1998ರಲ್ಲಿ ಡ್ವೆಕ್ ಮತ್ತು ಕ್ಲಾಡಿಯಾ ಮ್ಯೂಲರ್ ಪ್ರಕಟಿಸಿದ ಒಂದು ಅಧ್ಯಯನ ಇದೆ. ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದ್ದೀಯ’ ಅಂದರು. ಆಮೇಲೆ ಕಷ್ಟದ ಲೆಕ್ಕ ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳು ಬೇಗ ಕುಗ್ಗಿದರು. ಮುಂದಿನ ಸುಲಭದ ಲೆಕ್ಕದಲ್ಲೂ ಹಿಂದೆ ಬಿದ್ದರು. ಶ್ರಮಕ್ಕೆ ಹೊಗಳಿಸಿಕೊಂಡವರು ಸೋತ ಮೇಲೂ ಮತ್ತೆ ಕೈ ಹಾಕಿದರು. ಹೊಗಳಿಕೆ ಕೂಡ ಹೀಗೆ ಕಟ್ಟಿಹಾಕಬಹುದು ನೋಡಿ.

ಇದು ಒಬ್ಬೊಬ್ಬರ ವಿಷಯ ಆಯ್ತು. ಒಂದಿಡೀ ಊರಿಗೇ ‘ನಿಮಗೆ ಇದೆಲ್ಲ ಅರ್ಥ ಆಗಲ್ಲ’ ಅಂತ ಹೇಳಿಬಿಟ್ಟರೆ?

ನಿಟ್ಟೂರಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗಿ, ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು ಹೋದರೆ ಹೆಗ್ಗೋಡು. ಅಡಿಕೆ ತೋಟಗಳ ನಡುವಿನ ಸಣ್ಣ ಊರು. 1949ರಲ್ಲಿ ಅಲ್ಲಿಯ ಒಂದಷ್ಟು ಜನ ಸೇರಿ ಒಂದು ನಾಟಕ ಸಂಘ ಕಟ್ಟಿದರು. ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಹೆಸರು. ಚಿಕ್ಕದಾಗಿ ನೀನಾಸಂ. ಹೌದು, ನಟ ಸತೀಶ್ ಹೆಸರಿನ ಜೊತೆ ನೀವು ಕೇಳ್ತೀರಲ್ಲ, ಅದೇ ನೀನಾಸಂ.

ಆ ಸಂಘವನ್ನು ಬೆಳೆಸಿದವರಲ್ಲಿ ಮುಖ್ಯರು ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದವರು. ಲೆಕ್ಕ ಹಾಕಿ, ಸಂಘ ಶುರುವಾದಾಗ ಅವರಿಗೆ ಹದಿನೇಳು ವರ್ಷ. ಮುಂದೆ ಮೈಸೂರಿನ ಮಹಾರಾಜ ಕಾಲೇಜಲ್ಲಿ ಓದಿದರು. ಡಿಗ್ರಿ ಆದಮೇಲೆ ಊರು ಬಿಡೋದು ವಾಡಿಕೆ. ಇವರು ವಾಪಸ್ ಬಂದರು. ಅಡಿಕೆ ತೋಟ ನೋಡ್ಕೊಂಡು, 1957ರಲ್ಲಿ ಅದೇ ಊರಲ್ಲಿ ಅಕ್ಷರ ಪ್ರಕಾಶನ ಶುರು ಮಾಡಿದರು. ಬ್ರೆಕ್ಟ್‌ನಂಥವರ ನಾಟಕಗಳನ್ನು ಕನ್ನಡಕ್ಕೆ ತಂದರು.

ಊರ ನಾಟಕ ಹೇಗಿರುತ್ತೆ ಅಂತ ನಮಗೆ ಗೊತ್ತು. ಹಗಲು ತೋಟ, ಗದ್ದೆ, ಅಂಗಡಿ. ಸಂಜೆ ತಾಲೀಮು. ಮೊದಲ ದಿನವೇ ಯಾರಿಗೂ ಮಾತು ಬಾಯಿಗೆ ಬರಲ್ಲ. ಮರೀತಾರೆ, ತೊದಲ್ತಾರೆ, ಮತ್ತೆ ಹೇಳ್ತಾರೆ. ತಾಲೀಮು ಅಂದ್ರೆ ಏನು ಹೇಳಿ? ತಪ್ಪು ಮಾಡೋಕೆ ಅಂತಲೇ ಎತ್ತಿಟ್ಟ ಹೊತ್ತು. ಅಲ್ಲಿ ತಪ್ಪಿದರೆ ಯಾರೂ ಮಾರ್ಕ್ಸ್ ಕಾರ್ಡ್ ಕೊಡಲ್ಲ, ‘ಇನ್ನೊಂದ್ಸಲ ಹೇಳು’ ಅಂತಾರೆ ಅಷ್ಟೆ.

1972ರಲ್ಲಿ ಹೆಗ್ಗೋಡಲ್ಲಿ ಒಂದು ರಂಗಮಂದಿರ ಎದ್ದಿತು. ಶಿವರಾಮ ಕಾರಂತರ ಹೆಸರಿನದು. ಮರುವರ್ಷ ಒಂದು ಫಿಲ್ಮ್ ಸೊಸೈಟಿ ಶುರುವಾಯ್ತು. ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಅಂಥವರ ಸಿನಿಮಾಗಳು ಅಡಿಕೆ ಬೆಳೆಯೋ ಊರಿಗೆ ಬಂದವು. ಭಾಷೆ ಬಂಗಾಳಿ, ಜಪಾನಿ. ಇವೆಲ್ಲ ದೊಡ್ಡ ಊರಿನ ಓದಿದವರಿಗೆ ಮಾತ್ರ, ಹಳ್ಳಿಯವರಿಗೆ ಬೇಡ ಅನ್ನೋ ಅಭಿಪ್ರಾಯ ಆಗ ಗಟ್ಟಿಯಾಗಿತ್ತು. ಈಗ ಮಾತ್ರ ಇಲ್ವಾ? ಅರ್ಥ ಆಗಲ್ಲ ಅಂತ ಮೊದಲೇ ತೀರ್ಮಾನಿಸಿ ತೋರಿಸದೇ ಇದ್ದರೆ ಅರ್ಥ ಆಗೋದಾದ್ರೂ ಹೇಗೆ?

ನೀನಾಸಂ ಸಿನಿಮಾ ತೋರಿಸಿ ಸುಮ್ಮನಾಗಲಿಲ್ಲ ಅನ್ನೋದು ನಂಗೆ ಮುಖ್ಯ ಅನ್ಸುತ್ತೆ. 1979ರಿಂದ ಸಿನಿಮಾ ರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಕಲಿಸಿದರು. ದೃಶ್ಯ ಹೇಗೆ ಕಟ್ತಾರೆ, ಒಂದರ ಪಕ್ಕ ಇನ್ನೊಂದು ಯಾಕೆ ಬರುತ್ತೆ ಅಂತ ಕೂರಿಸಿ ಮಾತಾಡಿದರು. ‘ನಿಮಗೂ ಆಗುತ್ತೆ ಕಣ್ರೀ’ ಅಂತ ಬೆನ್ನು ತಟ್ಟಿ ಕಳಿಸೋದು ಸುಲಭ. ಇವರು ಆಗೋಕೆ ಬೇಕಾದ್ದನ್ನೆಲ್ಲ ಜೋಡಿಸಿದರು. ಕಟ್ಟಡ, ಪ್ರೊಜೆಕ್ಟರ್, ಪುಸ್ತಕ, ಮೇಷ್ಟ್ರು, ಜೊತೆಗೆ ಪುರುಸೊತ್ತು.

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯ್ತು. ನಟನೆ ಅನ್ನೋದು ರಕ್ತದಲ್ಲಿ ಬರಬೇಕು ಅಂತೀವಿ. ಅಲ್ಲಿ ಅದಕ್ಕೆ ಸಿಲೆಬಸ್ ಮಾಡಿದರು! ದನಿ, ಮೈ, ಬೆಳಕು, ಬಣ್ಣ, ರಂಗದ ಇತಿಹಾಸ ಎಲ್ಲ ಕಲಿಯೋ ಕೋರ್ಸು. 1985ರಲ್ಲಿ ತಿರುಗಾಟ ಅನ್ನೋ ತಂಡ ಹೊರಟಿತು. ಸೆಟ್ಟು, ಲೈಟು ಎಲ್ಲ ಕಟ್ಟಿಕೊಂಡು ಊರಿಂದ ಊರಿಗೆ ಹೋಗಿ ನಾಟಕ ಆಡೋದು. ಅದು ವರ್ಷ ವರ್ಷ ಮುಂದುವರಿದು ಕರ್ನಾಟಕದ ಎಷ್ಟೋ ಸಣ್ಣ ಊರುಗಳಿಗೆ ಶೇಕ್ಸ್‌ಪಿಯರ್‌ನನ್ನು ಕನ್ನಡದಲ್ಲೇ ಪರಿಚಯ ಮಾಡಿಸಿತು.

ಅದೇ 1980ರ ದಶಕದಲ್ಲಿ ಇವರು ಹೆಗ್ಗೋಡಿನ ಆಚೆಗೂ ಹೋದರು. ಜನಸ್ಪಂದನ ಅಂತ ಯೋಜನೆ. ನಾಟಕ, ಸಿನಿಮಾ ಎರಡನ್ನೂ ಬೇರೆ ಬೇರೆ ಊರು, ಸಮುದಾಯಗಳಿಗೆ ತಗೊಂಡು ಹೋಗೋದು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರ ಜೊತೆ ಒಂದು ನಾಟಕ ಕಟ್ಟಿದರು. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಕಾಡಂಚಿನಲ್ಲಿ ಕೂಲಿ, ಬೇಸಾಯ ಮಾಡ್ಕೊಂಡು ಇದ್ದವರು. ಆರಿಸಿಕೊಂಡ ಕಥೆ ಯಾವುದು ಗೊತ್ತಾ? ನೈಜೀರಿಯಾದ ಚಿನುವ ಅಚಿಬೆ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಕನ್ನಡದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಆಯ್ತು. ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ಸಿದ್ದಿಗಳ ಕುಣಿತ, ತಾಳ ಮೊದಲೇ ಅವರ ಹತ್ತಿರ ಇತ್ತು. ಅದಕ್ಕೆ ರಂಗ ಸಿಕ್ಕಿರಲಿಲ್ಲ ಅಷ್ಟೆ. ಯಾರನ್ನು ಜನ ‘ಅವರಿಗೇನು ಗೊತ್ತು’ ಅಂತ ಬದಿಗೆ ಸರಿಸಿದ್ದರೋ, ಅವರೇ ಜಗತ್ತಿನ ದೊಡ್ಡ ಕಾದಂಬರಿಯೊಂದನ್ನು ಮೈಮೇಲೆ ತಂದುಕೊಂಡು ಆಡಿದರು.

1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಒಳ್ಳೆಯ ಸಿನಿಮಾ ಮತ್ತು ಜೀವಂತ ರಂಗಭೂಮಿಯನ್ನು ತಂದುಕೊಟ್ಟಿದ್ದಕ್ಕೆ. ಸಂಘ ಶುರುವಾಗಿ ಅಷ್ಟೊತ್ತಿಗೆ 42 ವರ್ಷ ಆಗಿತ್ತು. ‘30 ದಿನದಲ್ಲಿ ಬದಲಾಗಿ’ ಅನ್ನೋ ವಿಡಿಯೋ ನೋಡಿ ಬೆಳೆದ ನಮಗೆ ಈ 42 ಅನ್ನೋ ನಂಬರ್ ಸ್ವಲ್ಪ ಕಷ್ಟ. 2005ರಲ್ಲಿ ಸುಬ್ಬಣ್ಣ ತೀರಿಕೊಂಡರು. ಅಂಗಳ ಉಳಿದಿದೆ.

ಈಗ ಸಂಶೋಧನೆ ಕಡೆ ಒಂದು ಸಲ ವಾಪಸ್ ಬರೋಣ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕದ ಸುಮಾರು 12,000 ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿಗಳಿಗೆ, ಬುದ್ಧಿ ಬೆಳೆಯುತ್ತೆ ಅನ್ನೋ ಪಾಠವನ್ನು ಕಂಪ್ಯೂಟರ್‌ನಲ್ಲಿ ಒಂದು ಗಂಟೆಗೂ ಕಡಿಮೆ ಹೊತ್ತು ಹೇಳಿದರು. ಮಾರ್ಕ್ಸಲ್ಲಿ ಹಿಂದಿದ್ದವರ ಗ್ರೇಡು, 4 ಅಂಕದ ಅಳತೆಯಲ್ಲಿ, ಸರಾಸರಿ 0.1ರಷ್ಟು ಮೇಲೆ ಬಂತು. ಸಣ್ಣ ಏರಿಕೆ, ಆದ್ರೆ ನಿಜವಾದದ್ದು. ಇನ್ನೊಂದು ವಿಷಯ ಗಮನಿಸಿ. ಕಷ್ಟದ್ದಕ್ಕೆ ಕೈ ಹಾಕೋದನ್ನು ಸುತ್ತಲಿನ ಸಹಪಾಠಿಗಳೂ ಒಪ್ಪೋ ಶಾಲೆಗಳಲ್ಲಿ ಪರಿಣಾಮ ಹೆಚ್ಚು ಕಂಡಿತು. ಬೀಜ ಒಂದೇ ಆದ್ರೂ ಫಸಲು ಮಣ್ಣಿನ ಮೇಲೆ ಹೋಯ್ತು. ಹೆಗ್ಗೋಡಿನವರು 1949ರಿಂದ ಮಾಡಿದ್ದು ಆ ಮಣ್ಣಿನ ಕೆಲಸ.

ಇಲ್ಲಿಗೇ ನಿಲ್ಲಿಸಿದರೆ ಕಥೆ ಸಿಹಿಯಾಗಿ ಮುಗಿಯುತ್ತೆ. ಆದ್ರೆ ಅದೇ ಸಾಗರ ತಾಲ್ಲೂಕಲ್ಲಿ, ಅದೇ ಕಾಲದಲ್ಲಿ ಇನ್ನೊಂದು ಊರಿತ್ತು. ಕಾಗೋಡು. ಅದನ್ನು ಹೇಳದೆ ಇದ್ದರೆ ನಾನೂ ರೀಲ್ಸ್ ಮಾಡಿದ ಹಾಗೇ ಆಗುತ್ತೆ.

ಕಾಗೋಡಿನ ಗೇಣಿದಾರರು ಒಡೆಯರ ಗದ್ದೆ ಮಾಡಿ ಭತ್ತ ಅಳೆದುಕೊಡಬೇಕಿತ್ತು. ಅಳೆಯೋದು ಕೊಳಗದಲ್ಲಿ. ಗೇಣಿ ಅಳೆದುಕೊಳ್ಳೋ ಕೊಳಗ ವಾಡಿಕೆ ಅಳತೆಗಿಂತ ದೊಡ್ಡದಿತ್ತು. ಎಷ್ಟೇ ದುಡಿದರೂ ಕೊರತೆ. ಈಗಿನ ಯಾವನೋ ಮೋಟಿವೇಷನ್ ಸ್ಪೀಕರ್ ಅಲ್ಲಿಗೆ ಹೋಗಿ ‘ಶ್ರಮ ಹಾಕಿ, ಮೈಂಡ್‌ಸೆಟ್ ಬದಲಾಯಿಸಿ’ ಅಂದಿದ್ರೆ? ಅವರು ಹಾಕದ ಶ್ರಮ ಯಾವುದಿತ್ತು ಮಾರಾಯ್ರೆ! ತಪ್ಪಿದ್ದದ್ದು ರೈತನ ಮನಸ್ಸಲ್ಲ, ಕೊಳಗ.

ಎಚ್. ಗಣಪತಿಯಪ್ಪ ಅವರು 1948ರಲ್ಲಿ ಸಾಗರ ತಾಲ್ಲೂಕು ರೈತ ಸಂಘ ಕಟ್ಟಿದ್ದರು. 1951ರಲ್ಲಿ ಕಾಗೋಡು ಸತ್ಯಾಗ್ರಹ ಶುರುವಾಯ್ತು. ರೈತರು ಗದ್ದೆಗೆ ಇಳಿದರು, ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಹೋರಾಟದ ಮುಂಚೂಣಿಯಲ್ಲಿದ್ದರು. ಮರುವರ್ಷ, 1952ರಲ್ಲಿ, ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ಆದ್ರೂ ಭೂಮಿ ತಕ್ಷಣ ಸಿಗಲಿಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಸತ್ಯಾಗ್ರಹ ಆಗಿ 23 ವರ್ಷಕ್ಕೆ.

ಡ್ವೆಕ್ ಅವರು ‘ಬರಲ್ಲ’ ಅನ್ನಬೇಡಿ, ‘ಇನ್ನೂ ಬಂದಿಲ್ಲ’ ಅನ್ನಿ ಅಂತಾರೆ. ಒಳ್ಳೆ ಮಾತು. ಕಾಗೋಡಿನ ರೈತರು 23 ವರ್ಷ ಆ ‘ಇನ್ನೂ’ ಅನ್ನೋದನ್ನು ಹಿಡ್ಕೊಂಡಿದ್ದರು. ಒಬ್ಬೊಬ್ಬರೇ ಅಲ್ಲ, ಸಂಘ ಕಟ್ಟಿಕೊಂಡು. ಇದೆಲ್ಲ ನಮ್ಮ ಹಣೆಬರಹ ಅಂತ ಒಪ್ಪದೇ ಇದ್ದದ್ದೇ ಅವರ ಗ್ರೋತ್ ಮೈಂಡ್‌ಸೆಟ್. ಆದ್ರೆ ಅವರು ತಿದ್ದಿದ್ದು ಬರೀ ತಮ್ಮನ್ನಲ್ಲ, ಅಳತೆಯನ್ನೂ ತಿದ್ದಿಸಿದರು.

ಅದಕ್ಕೇ ನಾನು ಈಗ ಯಾರಾದರೂ ‘ನಂಗೆ ತಲೆ ಇಲ್ಲ’ ಅಂದ್ರೆ ಎರಡು ಪ್ರಶ್ನೆ ಕೇಳ್ತೀನಿ. ತಾಲೀಮಿಗೆ ಅಂಗಳ ಇದೆಯಾ? ಅಳೆಯೋ ಕೊಳಗ ಸರಿ ಇದೆಯಾ? ಇವೆರಡನ್ನೂ ನೋಡದೆ ಮನಸ್ಸನ್ನು ಮಾತ್ರ ದೂರೋದು ನ್ಯಾಯ ಅಲ್ಲ.

ಮತ್ತೆ ನಮ್ಮ ಜಗಲಿಗೆ ಬರ್ತೀನಿ. ಮುಂದಿನ ಭಾನುವಾರ ರಾತ್ರಿ ತಂಗಿಗೆ ಫೋನ್ ಮಾಡಬೇಕಿತ್ತು, ಅಷ್ಟು ದಿನ ಕಾದರೆ ಫಾರ್ಮಿನ ಕೊನೆ ದಿನ ದಾಟ್ತಿತ್ತು. ಬೆಂಗಳೂರಿಗೆ ಬಂದ ಮರುದಿನವೇ ಮಾಡಿದೆ. ಭಾಷಣ ಮಾಡಲಿಲ್ಲ. ‘ಅಡಿಕೆ ಸುಲಿಯೋಕೆ ಕಲಿತಾಗ ಮೊದಲ ವಾರ ಎಷ್ಟು ಸಲ ಕೈ ಕುಯ್ಕೊಂಡೆ?’ ಅಂತ ಕೇಳಿದೆ. ನಕ್ಕಳು. ಈಗ ಅವಳ ಕೈ ನೋಡಬೇಕು, ಮೆಟ್ಟುಗತ್ತಿ ಮುಂದೆ ಕೂತರೆ ಮಾತಾಡ್ತಾ ಮಾತಾಡ್ತಾ ಬುಟ್ಟಿ ತುಂಬಿಸ್ತಾಳೆ. ಅವತ್ತು ಪಕ್ಕದಲ್ಲಿ ಅಮ್ಮ, ದೊಡ್ಡಮ್ಮ ಕೂತಿದ್ದರು. ಬೆರಳು ಹೇಗೆ ಇಡಬೇಕು ಅಂತ ತೋರಿಸಿದರು. ‘ನಿಂಗೆ ಅಡಿಕೆಗೆ ತಲೆ ಇಲ್ಲ, ಎದ್ದು ಹೋಗು’ ಅಂತ ಒಬ್ಬರೂ ಅನ್ನಲಿಲ್ಲ. ಅಕೌಂಟೆನ್ಸಿಗೆ ಅವಳ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು ಹೇಳಿದೆ, ಇದು ಕಾಮರ್ಸಿನವರಿಗೆ ಬೇಗ ಗೊತ್ತಾಗುತ್ತೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಮಾರ್ಚ್ 31ನೇ ತಾರೀಕಿನ ಒಂದು ಫೋಟೋ. ಅವತ್ತು ಅಂಗಡಿ ಹೇಗಿತ್ತು ಅಂತ ಹೇಳುತ್ತೆ. ಮುಂದಿನ ವರ್ಷ ಅಂಗಡಿ ಏನಾಗುತ್ತೆ ಅಂತ ಹೇಳಲ್ಲ. ಮಾರ್ಕ್ಸ್ ಕಾರ್ಡೂ ಅಷ್ಟೇ.

ಫಾರ್ಮ್ ತುಂಬಿದಳು. ಅವತ್ತಿಂದ ಪರೀಕ್ಷೆ ಮುಗಿಯೋವರೆಗೂ ದಿನಾ ರಾತ್ರಿ ಎಂಟೂವರೆಗೆ ಫೋನಲ್ಲಿ ಕೂತ್ವಿ. ನೆಟ್‌ವರ್ಕ್ ಸಿಗೋ ಜಾಗ ಅಂತ ಅವಳು ಜಗಲಿಯ ಮೂಲೆಗೆ ಹೋಗ್ತಿದ್ದಳು. ಪಾಲುದಾರಿಕೆ ಲೆಕ್ಕ ನಂಗೇ ಅರ್ಧ ಮರೆತುಹೋಗಿತ್ತು. ಇಬ್ಬರೂ ತಪ್ಪು ಮಾಡಿದ್ವಿ, ಇಬ್ಬರೂ ತಿದ್ದಿಕೊಂಡ್ವಿ. ನಮ್ಮ ತಾಲೀಮು ಅದು.

ಇದನ್ನು ರೆಕಾರ್ಡ್ ಮಾಡ್ತಿರೋ ಹೊತ್ತಿಗೆ ರಿಸಲ್ಟ್ ಇನ್ನೂ ಬಂದಿಲ್ಲ. ಪಾಸಾದಳು ಅಂತ ಹೇಳಿ ಎಪಿಸೋಡ್ ಮುಗಿಸೋ ಆಸೆ ನಂಗೂ ಇತ್ತು. ಆದ್ರೆ ಹೆಗ್ಗೋಡು, ಕಾಗೋಡು ಎರಡೂ ಹೇಳೋದು ಒಂದೇ: ರಿಸಲ್ಟಿಗಿಂತ ಮೊದಲು ಯಾರಾದರೂ ಪಕ್ಕದಲ್ಲಿ ಬಂದು ಕೂರಬೇಕು.

ನಿಮ್ಮ ಮನೆಯಲ್ಲಿ, ರೂಮಲ್ಲಿ ಯಾರಾದರೂ ‘ನಂಗೆ ತಲೆ ಇಲ್ಲ’ ಅಂತ ಮೊಬೈಲ್ ಕವುಚಿ ಇಟ್ಟು ಕೂತಿದ್ದರೆ, ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಬೇಡಿ. ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಮುಂದಿನ ವಾರ ಸಿಗೋಣ. ಬರ್ಲಾ?