ಮದ್ದಿನ ಸೀಸೆಯಾದ ಮಾಯಾದೀಪ

ಅಲ್ಲಾವುದ್ದೀನನ ದೀಪವನ್ನು ಉಜ್ಜಿದರೆ ಭೂತ ಪ್ರತ್ಯಕ್ಷವಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಆದರೆ 1987ರಲ್ಲಿ ಜಪಾನಿನಲ್ಲಿ ಬಂದ ಒಂದು ವಿಡಿಯೊ ಆಟದಲ್ಲಿ ಈ ದೀಪವನ್ನು ಉಜ್ಜುವಂತಿರಲಿಲ್ಲ. ಹುಲ್ಲಿನ ಬುಡದಿಂದ ಅದನ್ನು ಕಿತ್ತು ನೆಲಕ್ಕೆಸೆಯಬೇಕಿತ್ತು. ಎಸೆದಲ್ಲಿ ಒಂದು ಬಾಗಿಲು ಮೂಡುತ್ತಿತ್ತು. ಒಳಹೊಕ್ಕರೆ ಕಾಣುವುದು ಅದೇ ಜಾಗ. ಆದರೆ ಕತ್ತಲು ಕವಿದಿದೆ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿದೆ. ಅಲ್ಲಿ ಕಿತ್ತ ಹುಲ್ಲೆಲ್ಲ ನಾಣ್ಯವಾಗುತ್ತದೆ. ಸರಿಯಾದ ಸ್ಥಳ ನೋಡಿ ದೀಪ ಎಸೆದಿದ್ದರೆ ಆಟಗಾರನ ಆಯಸ್ಸು ಹೆಚ್ಚಿಸುವ ವಸ್ತುವೂ ಸಿಗುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಭಾಗ್ಯ. ಆಮೇಲೆ ಮತ್ತೆ ಹಗಲಿನ ಲೋಕ.

ಆಟದ ಹೆಸರು ‘ಯುಮೆ ಕೋಜೋ: ದೊಕಿ ದೊಕಿ ಪ್ಯಾನಿಕ್’. ಯುಮೆ ಎಂದರೆ ಕನಸು, ಕೋಜೋ ಎಂದರೆ ಕಾರ್ಖಾನೆ. ದೊಕಿ ದೊಕಿ ಎಂಬುದು ನಮ್ಮ ‘ಢವಢವ’. ಆ ವರ್ಷದ ಬೇಸಿಗೆಯಲ್ಲಿ ಫ್ಯೂಜಿ ಟೆಲಿವಿಷನ್ ಸಂಸ್ಥೆ ‘ಯುಮೆ ಕೋಜೋ 87’ ಎಂಬ ಭಾರೀ ಮೇಳ ನಡೆಸಿತು. ಅದರ ಪ್ರಚಾರಕ್ಕೆಂದೇ ನಿಂಟೆಂಡೊ ಕಂಪನಿ ತಯಾರಿಸಿದ ಈ ಆಟ ಜುಲೈ 10ರಂದು ಹೊರಬಂತು. ಇಮಾಜಿನ್, ಲೀನಾ, ಮಾಮಾ, ಪಾಪಾ ಎಂಬ ನಾಲ್ವರ ಕುಟುಂಬ ಆ ಮೇಳದ ಲಾಂಛನಗಳ ಬಳಗದ್ದು. ಅವಳಿ ಮಕ್ಕಳನ್ನು ಮಾಮು ಎಂಬ ದುಷ್ಟ ಕಥೆಪುಸ್ತಕದೊಳಕ್ಕೆ ಎಳೆದೊಯ್ಯುತ್ತಾನೆ, ಈ ನಾಲ್ವರು ಬಿಡಿಸಿ ತರಬೇಕು. ಪುಸ್ತಕ ಅರಬ್ಬೀ ಕಥೆಗಳ ಮಾದರಿಯದು. ಹಾಗಾಗಿ ಹಾರುವ ಜಮಖಾನ, ಹೂಜಿಯೊಳಗಿನ ನಾಗರಹಾವು, ಮಾಯಾದೀಪ.

ಪ್ರಚಾರದ ಸರಕು ಎಂದು ಮೂಗು ಮುರಿಯುವಂತಿಲ್ಲ. ಇದನ್ನು ಮಾಡಿದ್ದು ಮಾರಿಯೊ ಆಟಗಳನ್ನು ರೂಪಿಸಿದ ತಂಡವೇ. ಎತ್ತುವ, ಎಸೆಯುವ ಆಟದ ಒಂದು ಮಾದರಿ ಮೊದಲೇ ತಯಾರಾಗಿ ಮೂಲೆ ಸೇರಿತ್ತೆಂದೂ, ಫ್ಯೂಜಿಯ ಕೆಲಸ ಬಂದಾಗ ಅದಕ್ಕೆ ಮರುಜೀವ ಬಂತೆಂದೂ ನಿರ್ದೇಶಕ ಕೆನ್ಸುಕೆ ತನಬೆ 2011ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ.

ಮೇಳ ಮುಗಿದ ಮೇಲೆ ಆಟದ ಕಥೆಯೂ ಮುಗಿಯಬೇಕಿತ್ತು. ಆದರೆ ಅತ್ತ ಅಮೆರಿಕದಲ್ಲಿ ಬೇರೊಂದು ತಾಪತ್ರಯ. ‘ಸೂಪರ್ ಮಾರಿಯೊ ಬ್ರದರ್ಸ್’ನ ಎರಡನೆಯ ಭಾಗ 1986ರಲ್ಲೇ ಜಪಾನಿನಲ್ಲಿ ಬಂದಿತ್ತು. ಅದು ವಿಪರೀತ ಕಠಿಣ, ಅಮೆರಿಕದ ಮಕ್ಕಳಿಗೆ ಬೇಡ ಎಂದು ಅಲ್ಲಿನ ಶಾಖೆ ಕೈಬಿಟ್ಟಿತು. ಬದಲಿಗೆ ದೊಕಿ ದೊಕಿ ಆಟಕ್ಕೇ ವೇಷ ಬದಲಿಸಿ 1988ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್ 2’ ಎಂದು ಮಾರಿದರು. ಇಮಾಜಿನ್‌ನ ಜಾಗಕ್ಕೆ ಮಾರಿಯೊ ಬಂದ, ಎತ್ತರಕ್ಕೆ ಜಿಗಿಯುವ ಮಾಮಾಳ ಜಾಗಕ್ಕೆ ಲುಯಿಜಿ, ಗಾಳಿಯಲ್ಲಿ ತೇಲುವ ಲೀನಾಳ ಜಾಗಕ್ಕೆ ರಾಜಕುಮಾರಿ, ಬಲಶಾಲಿ ಪಾಪಾನ ಜಾಗಕ್ಕೆ ಟೋಡ್. ದೀಪ ಕೆಂಪು ಮದ್ದಿನ ಸೀಸೆಯಾಯಿತು. ಎಸೆದರೆ ಬಾಗಿಲು ಮೂಡುವುದು, ಕತ್ತಲ ಲೋಕ, ನಾಣ್ಯ ಯಾವುದೂ ಬದಲಾಗಲಿಲ್ಲ.

ದೀಪವನ್ನು ತೆಗೆದವರು ಜಮಖಾನವನ್ನೂ ಹೂಜಿಯ ಹಾವನ್ನೂ ಹಾಗೇ ಬಿಟ್ಟದ್ದು ವಿನೋದ! ಹಳೆಯ ಬಾಡಿಗೆದಾರರ ಮೊಳೆಗಳು ಗೋಡೆಯಲ್ಲೇ ಉಳಿದ ಹಾಗೆ. ಕಥೆಯನ್ನು ಮಾರಿಯೊ ಕಂಡ ಕನಸೆಂದು ಬದಲಿಸಿದ್ದರಿಂದ ಎಲ್ಲಕ್ಕೂ ಸಮಜಾಯಿಷಿ ಸಿಕ್ಕಿತು. ಆದರೆ ದೀಪವಿದ್ದಾಗ ಇದ್ದ ಅರ್ಥ ಸೀಸೆಗಿಲ್ಲ. ಅರಬ್ಬೀ ಕಥೆಯ ದೀಪದಿಂದ ಅದ್ಭುತ ಹೊರಟರೆ ಯಾರೂ ಕಾರಣ ಕೇಳುವುದಿಲ್ಲ. ಮದ್ದಿನ ಸೀಸೆ ಒಡೆದರೆ ಬಾಗಿಲು ಯಾಕೆ ಬರಬೇಕು? ಆ ಪ್ರಶ್ನೆಗೆ ಉತ್ತರ ಜಪಾನಿನ ಡಿಸ್ಕಿನಲ್ಲಿ ಮಾತ್ರ ಇತ್ತು.

ಹಾಗೆ ನೋಡಿದರೆ ಅಲ್ಲಾವುದ್ದೀನನ ದೀಪವೇ ವಲಸೆಗಾರ. ಸಾವಿರದೊಂದು ರಾತ್ರಿಗಳ ಹಳೆಯ ಅರಬ್ಬೀ ಹಸ್ತಪ್ರತಿಗಳಲ್ಲಿ ಅವನ ಕಥೆಯಿಲ್ಲ. 1709ರಲ್ಲಿ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬಾತ ಪ್ಯಾರಿಸಿನಲ್ಲಿ ಆಂಟ್ವಾನ್ ಗಲಾಂಗೆ ಹೇಳಿದ್ದನ್ನು ಗಲಾಂ ತನ್ನ ಫ್ರೆಂಚ್ ಅನುವಾದಕ್ಕೆ ಸೇರಿಸಿದ. ಕಥೆ ನಡೆಯುವುದು ಅರಬ್ಬೀ ದೇಶದಲ್ಲೂ ಅಲ್ಲ, ಚೀನಾದಲ್ಲಿ. ಹೇಳಿದ ದಿಯಾಬ್‌ನ ಹೆಸರನ್ನು ಗಲಾಂ ಗ್ರಂಥದಲ್ಲಿ ಕಾಣಿಸಲಿಲ್ಲ.

ಇಮಾಜಿನ್‌ನ ಕುಟುಂಬದ ಪಾಡೂ ಹೆಚ್ಚುಕಡಿಮೆ ಅದೇ. ಮೇಳದ ಗೊಂಬೆಗಳಾದ್ದರಿಂದ ನಿಂಟೆಂಡೊ ಅವರನ್ನು ಮತ್ತೆ ಕಣಕ್ಕಿಳಿಸಲಿಲ್ಲ. ಲೀನಾಳಿಂದ ಬಂದ ತೇಲುವ ವಿದ್ಯೆ ಮಾತ್ರ ರಾಜಕುಮಾರಿಗೆ ಖಾಯಂ ಆಗಿ ಅಂಟಿಕೊಂಡಿತು. ಮಾಮಾಳ ಜಿಗಿತ ಲುಯಿಜಿಯ ಪಾಲಾಯಿತು. 1992ರಲ್ಲಿ ಆಟ ‘ಸೂಪರ್ ಮಾರಿಯೊ ಯುಎಸ್‌ಎ’ ಎಂಬ ಹೆಸರಿನಲ್ಲಿ ಜಪಾನಿಗೆ ಮರಳಿತು. ಐದು ವರ್ಷದ ಹಿಂದೆ ಅಲ್ಲಿನ ಮಕ್ಕಳು ದೀಪ ಎಸೆದು ಬಾಗಿಲು ತೆರೆದಾಗ ಅರಬ್ಬೀ ಧಾಟಿಯ ರಾಗ ಕೇಳಿಸುತ್ತಿತ್ತು. ಈಗ ಸೀಸೆ ಎಸೆದು ಅದೇ ಕತ್ತಲೆಯೊಳಗೆ ಹೋದರೆ, ಕೋಜಿ ಕೊಂಡೊ ಮೊದಲ ಮಾರಿಯೊ ಆಟಕ್ಕೆಂದು ರಚಿಸಿದ್ದ ಸಂಗೀತ.